ಸತ್ತ ಮೊಲ ಯಾರದು? ಯುರೋಪಿನ ಬೇಟೆ ಚಿತ್ರಗಳನ್ನು ಓದುವ ಬಗೆ

(ಚಿತ್ರಕಲೆಯ ಆಸಕ್ತರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಚಿತ್ರವನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಒಂದು ಮೊಲ. ಹಿಂಗಾಲು ಕಟ್ಟಿ ತಲೆಕೆಳಗಾಗಿ ನೇತು ಹಾಕಿದ್ದಾರೆ. ಹೊಟ್ಟೆಯ ಬಿಳಿ ತುಪ್ಪಳ ನಮ್ಮ ಕಡೆ ತಿರುಗಿದೆ. ಬೆನ್ನಿನ ಕಂದು ಕೂದಲು ಬಂದು ಬಿಳಿಗೆ ಸೇರುವ ಜಾಗದಲ್ಲಿ ಒಂದೊಂದು ಎಳೆಯನ್ನೂ ಬಿಡಿಸಿ ಬರೆದಿದ್ದಾರೆ. ಮೂಗಿನ ಹತ್ತಿರ ಒಂದಿಷ್ಟು ರಕ್ತ. ಕೆಳಗೆ ಕೌಜುಗ, ಒಂದೆರಡು ಸಣ್ಣ ಹಕ್ಕಿ, ಬೇಟೆ ಚೀಲ. ಹಿಂದೆ ಕೆತ್ತನೆ ಮಾಡಿದ ಅಮೃತಶಿಲೆಯ ದೊಡ್ಡ ಹೂದಾನಿ. ಅದರಾಚೆ ತೋಟ, ಬಂಗಲೆ, ಸಂಜೆಯ ಆಕಾಶ.

ಬರೆದವರು ಆಮ್‌ಸ್ಟರ್‌ಡ್ಯಾಮಿನ ಯಾನ್ ವೇನಿಕ್ಸ್. 1719ರಲ್ಲಿ ತೀರಿಕೊಂಡರು. ಜೀವನದ ಬಹುಭಾಗ ಇಂಥ ಚಿತ್ರಗಳನ್ನೇ ಬರೆದರು. ಅವರ ಅಪ್ಪ ಯಾನ್ ಬ್ಯಾಪ್ಟಿಸ್ಟ್ ವೇನಿಕ್ಸ್ ಕೂಡ ಬೇಟೆ ಚಿತ್ರ ಬರೆದವರು. ಆಗಿನ ಯುರೋಪಿನಲ್ಲಿ ಈ ಚಿತ್ರಗಳಿಗೆ ಒಳ್ಳೆಯ ಬೇಡಿಕೆ ಇತ್ತು. ಜರ್ಮನಿಯ ಒಬ್ಬ ದೊರೆ ಬೆನ್ಸ್‌ಬರ್ಗಿನ ತನ್ನ ಅರಮನೆಗೆಂದು ಯಾನ್ ವೇನಿಕ್ಸ್ ಕೈಲಿ ಗೋಡೆ ತುಂಬುವಷ್ಟು ದೊಡ್ಡ ದೊಡ್ಡ ಬೇಟೆ ಚಿತ್ರ ಬರೆಸಿಕೊಂಡ.

ಇವತ್ತು ನಮಗೆ ಇವು ಕಷ್ಟದ ಚಿತ್ರಗಳು. ಮಾಂಸ ತಿನ್ನದವರಿಗೆ ಮಾತ್ರ ಅಲ್ಲ, ತಿನ್ನುವವರಿಗೂ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವರಿಗೆ ಬೇಟೆ ಅಂದರೆ ಮೊದಲು ನೆನಪಾಗೋದು ಅಪರಾಧ. ಹಾಗಾಗಿ ಮ್ಯೂಸಿಯಂನಲ್ಲಿ ಈ ಗೋಡೆ ಬಂದಾಗ ನಾವು ಬೇಗ ಬೇಗ ದಾಟಿಬಿಡುತ್ತೇವೆ. ದಾಟಬೇಡಿ ಅನ್ನೋದು ನನ್ನ ವಿನಂತಿ. ಇಷ್ಟು ಚೆಂದ ಬರೆದ ಒಂದು ಸಾವು ನಮ್ಮಿಂದ ಏನನ್ನೋ ಕೇಳುತ್ತಿದೆ.

ಸಂಕೇತದ ವಿಷಯಕ್ಕೆ ಬರೋಣ. ಗೈಡುಗಳು, ಗೋಡೆಯ ಫಲಕಗಳು ಸಾಮಾನ್ಯವಾಗಿ ಏನು ಹೇಳುತ್ತವೆ? ಮೊಲ ಅಂದರೆ ಕಾಮ, ಯಾಕೆಂದರೆ ಅದು ಜಾಸ್ತಿ ಮರಿ ಹಾಕುತ್ತದೆ, ವೀನಸ್ ದೇವತೆಗೆ ಸೇರಿದ್ದು. ಹಂಸ ಅಂದರೆ ಕಪಟ, ಮೇಲೆ ಬಿಳಿ ಗರಿ, ಒಳಗೆ ಕಪ್ಪು ಮಾಂಸ. ನವಿಲು ಅಂದರೆ ಗರ್ವ. ಮುಖದ ಮೇಲೆ ಕೆಂಪು ಇರುವ ಗೋಲ್ಡ್‌ಫಿಂಚ್ ಹಕ್ಕಿ ಅಂದರೆ ಕ್ರಿಸ್ತನ ಮುಳ್ಳಿನ ಕಿರೀಟದ ನೆನಪು. ಕೌಜುಗದ ಬಗ್ಗೆ ಬೈಬಲ್ಲಿನ ಯೆರೆಮೀಯನ ಮಾತೇ ಇದೆ: ಅನ್ಯಾಯದಿಂದ ಗಳಿಸಿದ ಆಸ್ತಿ ತಾನು ಇಡದ ಮೊಟ್ಟೆಗೆ ಕೂತ ಕೌಜುಗದ ಹಾಗೆ, ಕೈಯಲ್ಲಿ ಉಳಿಯೋದಿಲ್ಲ.

ಇವೆಲ್ಲ ಕಟ್ಟುಕತೆ ಅಲ್ಲ. ಮಧ್ಯಕಾಲದ ಪ್ರಾಣಿಕಥೆಗಳಲ್ಲಿ, ಪ್ರವಚನಗಳಲ್ಲಿ, ಆಮೇಲೆ 16 ಮತ್ತು 17ನೇ ಶತಮಾನದ ನೀತಿ ಪುಸ್ತಕಗಳಲ್ಲಿ ಈ ಅರ್ಥಗಳು ನಿಜಕ್ಕೂ ಓಡಾಡುತ್ತಿದ್ದವು. ತೊಂದರೆ ಬೇರೆ ಕಡೆ ಇದೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಇಟಲಿಯ ಟಿಷಿಯನ್ ಬರೆದ ಒಂದು ಚಿತ್ರ ಇದೆ, ಸುಮಾರು 1530ರದ್ದು. ಮಾತೆ ಮೇರಿ ಒಂದು ಬಿಳಿ ಮೊಲದ ಮೇಲೆ ಕೈಯಿಟ್ಟು ಕೂತಿದ್ದಾಳೆ. ಅಲ್ಲಿ ಮೊಲ ಅಂದರೆ ಶುದ್ಧತೆ. ಅದೇ ಮೊಲ, ಪೂರ್ತಿ ಉಲ್ಟಾ ಅರ್ಥ. ನವಿಲಿನ ಕಥೆಯೂ ಹಾಗೇ. ಸಂತ ಅಗಸ್ಟೀನ್ ಕಾರ್ಥೇಜಿನಲ್ಲಿ ಬೇಯಿಸಿದ ನವಿಲಿನ ಮಾಂಸವನ್ನು ಎತ್ತಿಡಿಸಿ, ಎಷ್ಟೋ ದಿನ ಕಳೆದರೂ ಅದು ಕೊಳೆಯಲಿಲ್ಲ ಅಂತ ಬರೆದಿಟ್ಟಿದ್ದಾರೆ. ಆ ನಂಬಿಕೆಯಿಂದಾಗಿ ನವಿಲು ಕ್ರೈಸ್ತ ಕಲೆಯಲ್ಲಿ ಅಮರತ್ವದ ಗುರುತೂ ಆಯಿತು. ಗರ್ವವೋ ಅಮರತ್ವವೋ, ಯಾವುದನ್ನು ಆರಿಸಿಕೊಳ್ಳೋದು? ಪ್ರಾಣಿಯ ಹೆಸರು ಹಿಡಿದು ಅರ್ಥ ಹುಡುಕೋದು ಕನಸಿನ ಫಲವನ್ನು ಪಂಚಾಂಗದಲ್ಲಿ ನೋಡಿದ ಹಾಗಾಗುತ್ತದೆ. ಏನೋ ಒಂದು ಸಿಗುತ್ತದೆ, ಆದರೆ ಕನಸು ಕಂಡವರ ಬಗ್ಗೆ ಅದು ಏನೂ ಹೇಳೋದಿಲ್ಲ.

ಈ ವಿಚಾರಕ್ಕೆ ವಿದ್ವಾಂಸರ ನಡುವೆ ದೊಡ್ಡ ಚರ್ಚೆಯೇ ಆಗಿದೆ. ಎಡ್ಡಿ ದೆ ಯೋಂಗ್ ಎಂಬ ಡಚ್ ಕಲಾ ಇತಿಹಾಸಕಾರ 1960, 70ರ ದಶಕಗಳಲ್ಲಿ ಈ ಚಿತ್ರಗಳ ಒಳಗೆ ಅಡಗಿದ ಅರ್ಥಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದರು. 1980ರ ದಶಕದಲ್ಲಿ ಸ್ವೆತ್ಲಾನಾ ಆಲ್ಪರ್ಸ್ ಅದಕ್ಕೆ ಎದುರು ನಿಂತರು. ಡಚ್ಚರು ಚಿತ್ರದ ಹಿಂದೆ ನೀತಿಪಾಠ ಬಚ್ಚಿಡುತ್ತಿರಲಿಲ್ಲ, ಕಣ್ಣಿಗೆ ಕಂಡ ಜಗತ್ತನ್ನು ಬಣ್ಣಿಸೋದೇ ಅವರ ಗುರಿ ಅನ್ನೋದು ಅವರ ವಾದ. ಇಬ್ಬರಿಂದಲೂ ನಾನು ಕಲಿತಿದ್ದೇನೆ. ಆದರೆ ಬೇಟೆ ಚಿತ್ರಗಳ ಮುಂದೆ ನಿಂತಾಗ ನನಗೆ ಇದೆರಡಕ್ಕಿಂತ ಸರಳವಾದ ಒಂದು ಪ್ರಶ್ನೆ ಜಾಸ್ತಿ ಕೆಲಸಕ್ಕೆ ಬಂದಿದೆ. ಈ ಸತ್ತ ಪ್ರಾಣಿ ಯಾರದು? ಅದನ್ನು ಕೊಲ್ಲುವ ಹಕ್ಕು ಯಾರಿಗಿತ್ತು? ಈಗ ಅದು ಯಾರ ಮನೆಯಲ್ಲಿ ನೇತಾಡುತ್ತಿದೆ?

ಸ್ವಲ್ಪ ಹಿಂದೆ ಹೋಗೋಣ. ಸತ್ತ ಬೇಟೆಯ ಚಿತ್ರ ರೋಮನ್ನರ ಕಾಲದಲ್ಲೇ ಇತ್ತು. ಪಾಂಪೇಯಿ ಮತ್ತು ಹರ್ಕ್ಯುಲೇನಿಯಮ್ ಮನೆಗಳ ಗೋಡೆಗಳಿಂದ ತೆಗೆದ ಇಂಥ ಚಿತ್ರಗಳು ಈಗ ನೇಪಲ್ಸ್ ಮ್ಯೂಸಿಯಂನಲ್ಲಿವೆ. ಇವಕ್ಕೆ ಆಗಿನವರು ಇಟ್ಟ ಹೆಸರು ಕ್ಸೇನಿಯಾ, ಅಂದರೆ ಅತಿಥಿಗೆ ಕೊಡುವ ಕಾಣಿಕೆ. ಗ್ರೀಕರು ಮನೆಗೆ ಬಂದ ಅತಿಥಿಯ ಕೋಣೆಗೆ ಕೋಳಿ, ಮೊಟ್ಟೆ, ತರಕಾರಿ ಕಳಿಸುತ್ತಿದ್ದರು, ಅದನ್ನು ನೋಡಿ ಬರೆದ ಚಿತ್ರಗಳಿಗೂ ಅದೇ ಹೆಸರು ಬಂತು ಅಂತ ಕಟ್ಟಡಕಲೆಯ ಬಗ್ಗೆ ಬರೆದ ರೋಮಿನ ವಿಟ್ರೂವಿಯಸ್ ಹೇಳುತ್ತಾನೆ. 3ನೇ ಶತಮಾನದ ಗ್ರೀಕ್ ಲೇಖಕ ಫಿಲೊಸ್ಟ್ರೇಟಸ್ ಅಂಥ ಒಂದು ಚಿತ್ರವನ್ನು ಮಾತಿನಲ್ಲಿ ವರ್ಣಿಸಿದ್ದಾನೆ: ಒಂದು ಮೊಲ ಜೀವಂತ, ಬಲೆಗೂಡಿನಲ್ಲಿದೆ. ಇನ್ನೊಂದು ಹೊಟ್ಟೆ ಸೀಳಿಸಿಕೊಂಡು ಒಣಮರಕ್ಕೆ ನೇತಾಡುತ್ತಿದೆ. ಹಿಡಿದ ನಾಯಿ ಕೆಳಗೆ ಕೂತಿದೆ. ಅಂದರೆ ಶುರುವಿನಿಂದಲೇ ಈ ಚಿತ್ರದಲ್ಲಿ ಒಬ್ಬ ಕೊಡುವವನಿದ್ದಾನೆ, ಒಬ್ಬ ತೆಗೆದುಕೊಳ್ಳುವವನಿದ್ದಾನೆ. ಕೊಡುವವನಿಗೆ ಜಮೀನು ಇದೆ.

ಮುಂದಿನದು 1504ರದ್ದು. ವೆನಿಸ್ ಕಡೆಯಿಂದ ಜರ್ಮನಿಗೆ ಹೋದ ಯಾಕೊಪೊ ದೆ ಬಾರ್ಬರಿ ಬರೆದದ್ದು. ಈಗ ಮ್ಯೂನಿಕ್‌ನಲ್ಲಿದೆ. ಮರದ ಗೋಡೆಗೆ ಒಂದು ಸತ್ತ ಕೌಜುಗ, ಒಂದು ಜೊತೆ ಕಬ್ಬಿಣದ ಕೈಗವಸು, ಅಡ್ಡಬಿಲ್ಲಿನ ಒಂದು ಬಾಣ, ಅಷ್ಟೇ. ಕೆಳಗೆ ಮಡಿಕೆ ಬಿದ್ದ ಒಂದು ಚೀಟಿಯಲ್ಲಿ ಕಲಾವಿದನ ಸಹಿ. ರೋಮನ್ನರ ನಂತರದ ಯುರೋಪಿನಲ್ಲಿ ಸ್ಟಿಲ್ ಲೈಫನ್ನೇ, ಅಂದರೆ ಜೀವವಿಲ್ಲದ ವಸ್ತುಗಳನ್ನೇ, ವಿಷಯ ಮಾಡಿಕೊಂಡ ಮೊದಮೊದಲ ಚಿತ್ರಗಳಲ್ಲಿ ಇದೂ ಒಂದು. ಹಕ್ಕಿಯ ಪಕ್ಕ ಯುದ್ಧದ ಕೈಗವಸು ಯಾಕೆ ಅಂತ ಕೇಳಿಕೊಳ್ಳಿ. ಕೌಜುಗ ಹೊಡೆಯೋಕೆ ಅದು ಬೇಕಿಲ್ಲ. ಆ ಕಬ್ಬಿಣದ ಕೈ ಯಾರದು ಅಂತ ನೋಡಿದವರಿಗೆ ಗೊತ್ತಾಗಬೇಕಿತ್ತು. ಬೇಟೆ ಆಡುವವನೂ ಯುದ್ಧ ಮಾಡುವವನೂ ಒಬ್ಬನೇ, ಅವನು ಕುಲೀನ.

ಇಲ್ಲಿ ಕಾನೂನಿನ ವಿಷಯ ಹೇಳಲೇಬೇಕು. ಅದನ್ನು ಬಿಟ್ಟು ಈ ಚಿತ್ರಗಳ ಸಂಕೇತ ಅರ್ಥ ಮಾಡಿಕೊಳ್ಳೋಕೆ ಆಗೋದಿಲ್ಲ ಅಂತ ನಾನು ಬಲವಾಗಿ ನಂಬಿದ್ದೇನೆ. ಇಂಗ್ಲೆಂಡಿನ 1671ರ ಬೇಟೆ ಕಾಯ್ದೆ ಪ್ರಕಾರ ಮೊಲ, ಕೌಜುಗ ಹೊಡೆಯಬೇಕಾದರೆ ವರ್ಷಕ್ಕೆ 100 ಪೌಂಡ್ ಹುಟ್ಟುವ ಸ್ವಂತ ಜಮೀನು ಇರಬೇಕಿತ್ತು, ಇಲ್ಲವೇ ಅದಕ್ಕೂ ದೊಡ್ಡ ಗೇಣಿ. ಅದೇ ಕಾಲದಲ್ಲಿ ಹಳ್ಳಿಗಾಡಿನ ಕ್ಷೇತ್ರಗಳಲ್ಲಿ ಪಾರ್ಲಿಮೆಂಟಿಗೆ ಓಟು ಹಾಕೋಕೆ ಬೇಕಾಗಿದ್ದದ್ದು ವರ್ಷಕ್ಕೆ 40 ಶಿಲ್ಲಿಂಗ್, ಅಂದರೆ 2 ಪೌಂಡ್ ಆದಾಯದ ಜಮೀನು. ಓಟು ಹಾಕುವುದಕ್ಕಿಂತ ಒಂದು ಕೌಜುಗ ಕೊಲ್ಲೋಕೆ 50 ಪಟ್ಟು ಆಸ್ತಿ ಬೇಕು ಅಂತ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ 18ನೇ ಶತಮಾನದಲ್ಲೇ ಎತ್ತಿ ತೋರಿಸಿದ. 1755ರಲ್ಲಿ ಬೇಟೆ ಮಾಂಸ ಮಾರುವುದನ್ನೂ ಪೂರ್ತಿ ನಿಷೇಧಿಸಿದರು. 1831ರವರೆಗೆ ಅದು ಹಾಗೇ ಇತ್ತು. ಅಂದರೆ ದುಡ್ಡಿದ್ದರೂ ಮೊಲವನ್ನು ಕಾನೂನು ಪ್ರಕಾರ ಕೊಂಡುಕೊಳ್ಳುವ ಹಾಗಿರಲಿಲ್ಲ. ಜಮೀನುದಾರ ಸ್ನೇಹಿತ ಕಳಿಸಿಕೊಡಬೇಕು. ನಿಮ್ಮ ಮನೆಯಲ್ಲಿ ಮೊಲ ನೇತಾಡುತ್ತಿದೆ ಅಂದರೆ ನೀವು ಜಮೀನುದಾರರು, ಇಲ್ಲವೇ ನಿಮಗೊಬ್ಬ ಜಮೀನುದಾರ ಬೇಕಾದವನಿದ್ದಾನೆ. ಎರಡೂ ಇಲ್ಲ ಅಂದರೆ ನೀವು ಕಳ್ಳಬೇಟೆಯವರು.

ಡಚ್ ಗಣರಾಜ್ಯದಲ್ಲಿ ರಾಜನಿರಲಿಲ್ಲ, ವ್ಯಾಪಾರಿಗಳದ್ದೇ ಜೋರು. ಆದರೂ ಬೇಟೆಯ ಹಕ್ಕು ಬಹುಪಾಲು ಹಳೆಯ ಕುಲೀನರ ಕೈಯಲ್ಲೇ ಉಳಿದಿತ್ತು. ಆಮ್‌ಸ್ಟರ್‌ಡ್ಯಾಮಿನ ಸಕ್ಕರೆ, ಸಾಂಬಾರ ಪದಾರ್ಥ, ಬಟ್ಟೆಯ ವ್ಯಾಪಾರಿಗಳು ದುಡ್ಡು ಮಾಡಿದ ಮೇಲೆ ಫೆಕ್ಟ್ ನದಿಯ ದಂಡೆಯಲ್ಲಿ, ಆಮ್ಸ್ಟೆಲ್ ದಂಡೆಯಲ್ಲಿ ತೋಟದ ಬಂಗಲೆ ಕಟ್ಟಿಸಿದರು. ಜಮೀನು ಬಂತು. ಬಂಗಲೆ ಬಂತು. ಕುಲ ಬರಲಿಲ್ಲ. ಅಲ್ಲಿಗೆ ವೇನಿಕ್ಸರ ಮೊಲ ಬಂತು.

ಈಗ ಮೊದಲ ಚಿತ್ರಕ್ಕೆ ವಾಪಸ್ ಹೋಗೋಣ. ಅದರಲ್ಲಿ ಬೇಟೆಗಾರ ಎಲ್ಲಿದ್ದಾನೆ? ಇಲ್ಲ. ಪೊದೆ ಬಡಿದು ಮೊಲ ಎಬ್ಬಿಸಿದ ಆಳುಗಳಿಲ್ಲ, ಹೊತ್ತು ತಂದವರಿಲ್ಲ, ಚರ್ಮ ಸುಲಿಯಬೇಕಾದ ಅಡಿಗೆಯವಳೂ ಇಲ್ಲ. ಕೋವಿ ಒರಗಿಸಿ, ಚೀಲ ಕೆಳಗಿಟ್ಟು, ಯಾರೋ ಈಗಷ್ಟೇ ಎದ್ದು ಹೋದಂತಿದೆ. ಆ ಖಾಲಿ ಜಾಗಕ್ಕೆ ಸರಿಯಾಗಿ ಎದುರು ನಿಂತಿರೋದು ಚಿತ್ರದ ಯಜಮಾನ. ನೋಡುತ್ತಾ ನಿಂತರೆ ಸಾಕು, ಬೇಟೆ ಅವನದಾಗುತ್ತದೆ. ಹಿಂದಿನ ಹೂದಾನಿಯೂ ತೋಟವೂ ಅದಕ್ಕೇ ಇವೆ. ಸಂಜೆ ಬೆಳಕು ಬಿದ್ದಿರೋದು ಮೊಲದ ಮೇಲೆ, ಹಿಂದೆ ಕಾಣೋದು ಎಸ್ಟೇಟು. ವಿಲ್ಲೆಮ್ ಫಾನ್ ಆಲ್ಸ್ಟ್ ಎಂಬ ಇನ್ನೊಬ್ಬ ಕಲಾವಿದ ಫ್ಲಾರೆನ್ಸಿನ ಮೆಡಿಚಿ ಆಸ್ಥಾನದಲ್ಲಿ ಕೆಲಸ ಮಾಡಿ ಬಂದವನು. ಅವನ ಚಿತ್ರಗಳಲ್ಲಿ ಬೇಟೆ ಚೀಲ ನೀಲಿ ಮಖಮಲ್ಲಿನದು, ಪಕ್ಕದಲ್ಲಿ ಡೇಗೆಯ ಕಣ್ಣು ಮುಚ್ಚುವ ಗರಿಯ ಟೋಪಿ. ಡೇಗೆ ಸಾಕಿ ಬೇಟೆ ಆಡೋದು ರಾಜಮನೆತನಗಳ ಆಟ. ಆ ಚೀಲದೊಳಗೆ ರಕ್ತ ಸೋರುವ ಹಕ್ಕಿ ತುಂಬೋಕೆ ಯಾರಿಗಾದರೂ ಮನಸ್ಸು ಬರುತ್ತಾ? ಅದು ತೋರಿಸೋಕೆ ಇರುವ ಚೀಲ.

ಹಾಗಂತ ಕಾಮದ ಅರ್ಥ, ನೀತಿಯ ಅರ್ಥ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಚಿತ್ರವೇ ಅದನ್ನು ಬಾಯಿಬಿಟ್ಟು ಹೇಳುವ ಕಡೆ ನಂಬಬೇಕು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಹಾಬ್ರಿಯೆಲ್ ಮೆಟ್ಸು ಬರೆದ, ಸುಮಾರು 1660ರ ಒಂದು ಚಿತ್ರ ಇದೆ. ಹೊಲಿಗೆ ಹಾಕುತ್ತಾ ಕೂತ ಹೆಂಗಸಿಗೆ ಬೇಟೆಗಾರನೊಬ್ಬ ಸತ್ತ ಕೌಜುಗ ಚಾಚುತ್ತಿದ್ದಾನೆ. ಅವಳ ಕೈ ಪ್ರಾರ್ಥನೆ ಪುಸ್ತಕದ ಕಡೆ ಹೋಗುತ್ತಿದೆ. ಬೀರುವಿನ ಮೇಲೆ ಕಾಮದೇವ ಕ್ಯುಪಿಡ್ಡನ ಪುಟ್ಟ ಬೊಂಬೆ. ಆಗಿನ ಡಚ್ ಆಡುಮಾತಿನಲ್ಲಿ ಹಕ್ಕಿ ಬೇಟೆಗೆ ಇದ್ದ ಪೋಲಿ ಅರ್ಥ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವನು ಏನು ಕೇಳುತ್ತಿದ್ದಾನೆ ಅಂತ ಯಾರೂ ವಿವರಿಸಬೇಕಿರಲಿಲ್ಲ. ಅವಳು ಪುಸ್ತಕ ತೆಗೆದುಕೊಳ್ಳುತ್ತಾಳೋ ಹಕ್ಕಿ ತೆಗೆದುಕೊಳ್ಳುತ್ತಾಳೋ ಅನ್ನೋದೇ ಚಿತ್ರದ ಕಥೆ. ಗಮನಿಸಿ, ಇಲ್ಲಿ ಹಕ್ಕಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿದೆ. ಅರ್ಥ ಹುಟ್ಟಿದ್ದು ಆ ಕೊಡು-ಕೊಳ್ಳುವಿಕೆಯಲ್ಲಿ. ಅದೇ ಕೌಜುಗವನ್ನು ಮೊಳೆಗೆ ನೇತು ಹಾಕಿ ನೋಡಿದರೆ ಈ ಅರ್ಥ ಉಳಿಯುತ್ತದೆಯೇ?

ಉಳಿಯೋದಿಲ್ಲ ಅಂತ ಅಪ್ಪ ವೇನಿಕ್ಸ್ ತೋರಿಸಿದ್ದಾರೆ. ಹೇಗ್ ನಗರದ ಮಾರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ ಅವರ ಒಂದು ಕೌಜುಗ ಇದೆ, 1650ರ ಆಸುಪಾಸಿನದು. ಬರೀ ಗೋಡೆ, ಮೊಳೆ, ದಾರ, ಒಂದು ಹಕ್ಕಿ, ಅದರ ನೆರಳು. ಮಗನ ಎಲ್ಲಾ ವೈಭವದ ಚಿತ್ರಗಳಿಗಿಂತ ನನಗೆ ಇದು ಇಷ್ಟ.

ರೆಂಬ್ರಾಂಟ್ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು.

1639. ಆ ವರ್ಷ ರೆಂಬ್ರಾಂಟ್ ಆಮ್‌ಸ್ಟರ್‌ಡ್ಯಾಮಿನಲ್ಲಿ 13,000 ಗಿಲ್ಡರಿಗೆ ಒಂದು ದೊಡ್ಡ ಮನೆ ಕೊಂಡುಕೊಂಡರು. ಲೈಡನ್ ಊರಿನ ಗಿರಣಿಯವನ ಮಗ, ಆಗ ಹೆಸರಿನ ತುತ್ತತುದಿಯಲ್ಲಿದ್ದವರು. ಆ ಮನೆಯ ಸಾಲ ಕೊನೆವರೆಗೂ ತೀರಲಿಲ್ಲ. 1656ರಲ್ಲಿ ದಿವಾಳಿಯಾದರು. ಅದು ಆಮೇಲಿನ ಮಾತು. 1639ರಲ್ಲೇ ಅವರು ತಮ್ಮನ್ನು ಬೇಟೆಗಾರನಾಗಿ ಬರೆದುಕೊಂಡರು. ಆ ಚಿತ್ರ ಈಗ ಡ್ರೆಸ್ಡನ್‌ನಲ್ಲಿದೆ. ಗರಿ ಸಿಕ್ಕಿಸಿದ ಟೋಪಿ, ಕೋವಿ. ಕೈಯಲ್ಲಿ ಬಿಟರ್ನ್ ಅನ್ನೋ ಕೊಕ್ಕರೆ ಜಾತಿಯ ಹಕ್ಕಿ, ಕಾಲು ಹಿಡಿದು ತಲೆಕೆಳಗಾಗಿ ಎತ್ತಿದ್ದಾರೆ.

ಗಿರಣಿಯವನ ಮಗ ಕುಲೀನರ ವೇಷ ಹಾಕಿಕೊಂಡ ಅಂತ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಬೆಳಕು ಎಲ್ಲಿ ಬಿದ್ದಿದೆ ನೋಡಿ. ಅವರ ಮುಖ ನೆರಳಿನಲ್ಲಿದೆ. ಬೆಳಕೆಲ್ಲ ಹಕ್ಕಿಯ ಮೇಲೆ. ಎದೆಯ ಗರಿಗಳ ಹಳದಿ, ಕಂದು ಪಟ್ಟೆಗಳು, ಬಿಚ್ಚಿಕೊಂಡ ರೆಕ್ಕೆಯ ಒಳಭಾಗ, ಎಲ್ಲವನ್ನೂ ದಪ್ಪ ಬಣ್ಣದಲ್ಲಿ, ಕುಂಚದ ಗುರುತು ಬಿಟ್ಟು ಬರೆದಿದ್ದಾರೆ. ಸ್ವಂತ ಭಾವಚಿತ್ರದಲ್ಲಿ ತಮ್ಮ ಮುಖಕ್ಕಿಂತ ಸತ್ತ ಹಕ್ಕಿಗೆ ಜಾಸ್ತಿ ಬೆಳಕು ಕೊಟ್ಟಿದ್ದಾರೆ. ಇದು ಯಾರ ಬೇಟೆ ಅಂತ ಕೇಳಿದರೆ ನನ್ನ ಉತ್ತರ, ಇದು ಚಿತ್ರಕಾರನ ಬೇಟೆ. ಅವರಿಗೆ ಬೇಕಾಗಿದ್ದದ್ದು ಆ ಗರಿ.

ಅದೇ ಹೊತ್ತಿನ ಇನ್ನೊಂದು ಚಿತ್ರ ರೈಕ್ಸ್ ಮ್ಯೂಸಿಯಂನಲ್ಲಿದೆ. ಎರಡು ಸತ್ತ ನವಿಲು. ಒಂದನ್ನು ಕಾಲು ಕಟ್ಟಿ ನೇತು ಹಾಕಿದ್ದಾರೆ, ರೆಕ್ಕೆ ಅಗಲವಾಗಿ ತೆರೆದುಕೊಂಡಿದೆ. ಇನ್ನೊಂದು ಕಟ್ಟೆಯ ಮೇಲೆ ಅಂಗಾತ ಬಿದ್ದಿದೆ, ಕೆಳಗೆ ರಕ್ತ ಮಡುಗಟ್ಟಿದೆ. ಹಿಂದಿನ ಕಿಟಕಿಯಲ್ಲಿ ಒಬ್ಬಳು ಹುಡುಗಿ ಮೊಣಕೈ ಊರಿ ನೋಡುತ್ತಿದ್ದಾಳೆ.

ನವಿಲು ನಮ್ಮ ನೆಲದ ಹಕ್ಕಿ. ಪ್ರಾಚೀನ ಕಾಲದಲ್ಲೇ ಇಲ್ಲಿಂದ ಹೊರಟು ಗ್ರೀಸ್, ರೋಮ್ ದಾಟಿ ಯುರೋಪಿನ ಶ್ರೀಮಂತರ ತೋಟ ಸೇರಿತು, ಅಲ್ಲಿಂದ ಊಟದ ಮೇಜಿಗೂ ಹೋಯಿತು. ಮಾಂಸದ ಪೈ ಮಾಡಿ ಮೇಲೆ ನವಿಲಿನ ಕತ್ತು, ರೆಕ್ಕೆ, ಗರಿಗಳನ್ನು ಬದುಕಿರುವಂತೆ ಜೋಡಿಸಿ ಬಡಿಸುತ್ತಿದ್ದರು. ಪೀಟರ್ ಕ್ಲಾಸ್ 1627ರಲ್ಲಿ ಅಂಥ ಒಂದು ಪೈ ಬರೆದಿದ್ದಾರೆ, ವಾಷಿಂಗ್ಟನ್‌ನಲ್ಲಿದೆ. ಅಲ್ಲಿ ನವಿಲು ಸತ್ತಿದೆ ಅಂತ ಅನ್ನಿಸೋದೇ ಇಲ್ಲ. ಬೆಳ್ಳಿ, ಹಣ್ಣು, ಬಿಳಿ ಮೇಜುಬಟ್ಟೆ, ನಡುವೆ ತಲೆ ಎತ್ತಿ ನಿಂತ ಹಕ್ಕಿ. ರೆಂಬ್ರಾಂಟ್ ಆ ಮೇಜಿಗೆ ಹೋಗುವ ಮುಂಚಿನ ಗಳಿಗೆಯನ್ನು ತೋರಿಸುತ್ತಾರೆ. ಇಲ್ಲಿ ಗರ್ವ, ಅಮರತ್ವ ಎರಡನ್ನೂ ಹೇಳಬಹುದು. ಎರಡಕ್ಕೂ ಆ ರಕ್ತ ಅಡ್ಡ ಬರುತ್ತದೆ.

ಆ ಹುಡುಗಿ ಯಾರು? ಮನೆಯ ಮಗಳೋ ಕೆಲಸದವಳೋ, ಚಿತ್ರ ಹೇಳೋದಿಲ್ಲ. ಅವಳ ಮುಖದಲ್ಲಿ ಹೆದರಿಕೆ ಇಲ್ಲ, ಖುಷಿಯೂ ಇಲ್ಲ. ಬರೀ ನೋಡುತ್ತಿದ್ದಾಳೆ. ವೇನಿಕ್ಸರ ಚಿತ್ರದಲ್ಲಿ ಸತ್ತ ಪ್ರಾಣಿಯನ್ನು ನೋಡುವವನು ಯಜಮಾನ, ಅವನು ಚೌಕಟ್ಟಿನ ಹೊರಗಿದ್ದ. ಇಲ್ಲಿ ನೋಡುವವಳು ಒಳಗಿದ್ದಾಳೆ. ಹಕ್ಕಿ ಅವಳದಲ್ಲ, ಕೊಂದದ್ದು ಅವಳಲ್ಲ. ನಾವು ಈ ಕಡೆಯಿಂದ, ಅವಳು ಆ ಕಡೆಯಿಂದ, ನಡುವೆ ಎರಡು ನವಿಲು. ಈ ಇಡೀ ಪ್ರಕಾರದಲ್ಲಿ ಒಂದೇ ಒಂದು ಚಿತ್ರ ನೋಡೋಕೆ ಸಮಯ ಇದೆ ಅಂದರೆ ನಾನು ಇದನ್ನೇ ತೋರಿಸುತ್ತೇನೆ.

ಫ್ರಾನ್ಸಿಗೆ ಹೋಗೋಣ. ಅಲ್ಲಿ ಕಥೆ ಬೇಗ ಹೇಳಬಹುದು. 14ನೇ ಲೂಯಿ ದೇಪೋರ್ಟ್ ಎಂಬ ಕಲಾವಿದನ ಕೈಲಿ ತನ್ನ ಬೇಟೆನಾಯಿಗಳ ಚಿತ್ರ ಬರೆಸಿದ. 15ನೇ ಲೂಯಿಗೆ ಬೇಟೆಯ ಹುಚ್ಚು. ಅವನ ಕಲಾವಿದ ಊದ್ರಿ. ವಿಚಿತ್ರವಾಗಿ ಬೆಳೆದ ಕೊಂಬಿನ ಸಾರಂಗ ರಾಜನಿಗೆ ಸಿಕ್ಕಿದರೆ ಊದ್ರಿ ಆ ಕೊಂಬಿನ ಚಿತ್ರ ಬರೆಯಬೇಕು. ಜೊತೆಗೆ ಒಂದು ಚೀಟಿ ಬರೆದು, ಅದರಲ್ಲಿ ರಾಜ ಯಾವ ದಿನ ಎಲ್ಲಿ ಹೊಡೆದದ್ದು ಅನ್ನೋದನ್ನೂ ತುಂಬಬೇಕು. ಕಲೆ ಇಲ್ಲಿ ದಾಖಲೆ ಪುಸ್ತಕ ಆಯಿತು. ನಮ್ಮ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಅವರ ಕಾರ್ಖಾನೆಯಲ್ಲಿ ಹುಲಿ, ಚಿರತೆಗಳ ತಲೆ ತುಂಬಿಸಿ ಮಹಾರಾಜರು, ಬ್ರಿಟಿಷ್ ಸಾಹೇಬರು ಗೋಡೆಗೆ ಹಾಕಿಸಿಕೊಂಡದ್ದು ನಿಮಗೆ ಗೊತ್ತಿದೆ. ಅದು ಇದೇ ವಂಶದ್ದು.

ಈ ಚಿತ್ರಗಳ ಹೊರಗೆ ರೈತರು ಇದ್ದರು. ದೊರೆಗಳ ಮೊಲ, ಪಾರಿವಾಳ ಬಂದು ಬೆಳೆ ತಿಂದರೂ ಅವರು ಮುಟ್ಟುವ ಹಾಗಿರಲಿಲ್ಲ. 1789ರಲ್ಲಿ ಊರೂರಿನಿಂದ ರಾಜನಿಗೆ ಹೋದ ದೂರುಪಟ್ಟಿಗಳಲ್ಲಿ ಈ ಗೋಳು ಮತ್ತೆ ಮತ್ತೆ ಬರುತ್ತದೆ. ಆ ವರ್ಷ ಕ್ರಾಂತಿ ಶುರುವಾದ ಮೇಲೆ, ಆಗಸ್ಟ್ 4ರ ರಾತ್ರಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಊಳಿಗಮಾನ್ಯ ಹಕ್ಕುಗಳನ್ನು ಕಿತ್ತುಹಾಕಿತಲ್ಲ, ಆ ಶಾಸನದ ಎರಡನೇ ಕಲಮು ಪಾರಿವಾಳದ ಗೂಡಿನ ಹಕ್ಕಿನದು, ಮೂರನೆಯದು ಬೇಟೆಯ ಹಕ್ಕಿನದು. ಅಷ್ಟು ಮೇಲೆ ಇತ್ತು ಅದು ಪಟ್ಟಿಯಲ್ಲಿ. ಸತ್ತ ಮೊಲದ ಚಿತ್ರವನ್ನು ಬರೀ ಸೌಂದರ್ಯದ ವಿಷಯ ಅಂತ ನೋಡೋಕೆ ನನಗೆ ಇದರಿಂದಲೇ ಆಗೋದಿಲ್ಲ.

ಈ ಹಿನ್ನೆಲೆಯಲ್ಲಿ ಶಾರ್ಡಾನ್ ಬರುತ್ತಾರೆ. 1699ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವರು. ಅಪ್ಪ ಬಡಗಿ, ರಾಜನಿಗೆ ಬಿಲಿಯರ್ಡ್ಸ್ ಮೇಜು ಮಾಡಿಕೊಡುತ್ತಿದ್ದವರು. ಶಾರ್ಡಾನರ ಗೆಳೆಯ ಕೊಶಾನ್ ಒಂದು ಸಂಗತಿ ಬರೆದಿಟ್ಟಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಯಾರೋ ಅವರಿಗೆ ಒಂದು ಮೊಲ ತಂದುಕೊಟ್ಟರಂತೆ. ಅದನ್ನು ಬರೆಯೋಕೆ ಕೂತಾಗ ಅವರಿಗೆ ಅನ್ನಿಸಿದ್ದು ಇದು: ಇಲ್ಲಿವರೆಗೆ ನೋಡಿದ್ದನ್ನೆಲ್ಲ ಮರೆಯಬೇಕು, ಬೇರೆಯವರು ಇದನ್ನು ಹೇಗೆ ಬರೆದಿದ್ದಾರೆ ಅನ್ನೋದನ್ನೂ ಮರೆಯಬೇಕು. ಮೊಲವನ್ನು ಕೂದಲೆಳೆಗಳು ಬಿಡಿಬಿಡಿಯಾಗಿ ಕಾಣದಷ್ಟು ದೂರದಲ್ಲಿ ಇಟ್ಟುಕೊಂಡರಂತೆ.

ಲೂವ್ರ್‌ನಲ್ಲಿರುವ ಅವರ ಸತ್ತ ಮೊಲ ನೋಡಿ. ಪಕ್ಕದಲ್ಲಿ ಬೇಟೆ ಚೀಲ, ಮದ್ದು ತುಂಬುವ ಬುಡ್ಡಿ. ಚೀಲ ಸಾಧಾರಣದ್ದು, ಬಳಸಿ ಬಳಸಿ ಸವೆದದ್ದು. ಹಿಂದೆ ಕಂದು ಗೋಡೆ, ತೋಟವಿಲ್ಲ, ಬಂಗಲೆಯಿಲ್ಲ. ಹತ್ತಿರ ಹೋದರೆ ತುಪ್ಪಳ ಕಾಣೋದೇ ಇಲ್ಲ, ಬರೀ ಬೂದು, ಕಂದು, ಚೂರು ಗುಲಾಬಿ, ಒಣ ಕುಂಚದ ತಿಕ್ಕು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮೆತ್ತನೆಯ ಮೈ ಮೂಡುತ್ತದೆ. ವೇನಿಕ್ಸ್ ಎಳೆ ಎಳೆಯಾಗಿ ಬರೆದದ್ದು ಕೈಚಳಕ ತೋರಿಸುತ್ತದೆ, ಕೊಂಡವನ ಹಣಕ್ಕೆ ಮೋಸ ಇಲ್ಲ. ಶಾರ್ಡಾನ್ ಬರೆದದ್ದು ಭಾರವನ್ನು. ಕತ್ತು ಹಿಡಿತ ಬಿಟ್ಟ ಮೇಲೆ ತಲೆ ಹೇಗೆ ವಾಲುತ್ತದೋ ಹಾಗೆ ವಾಲಿದೆ.

ಇದರಲ್ಲಿ ಸಂಕೇತ ಏನು ಅಂತ ಕೇಳಿದರೆ ಪಂಡಿತರಿಗೂ ಕಷ್ಟವಾಗುತ್ತದೆ. ಈ ಮೊಲ ಯಾರದೂ ಅಲ್ಲ. ಬೇಟೆಯ ಹಕ್ಕಿಲ್ಲದ ಬಡಗಿಯ ಮಗನಿಗೆ ಯಾರೋ ಕೊಟ್ಟದ್ದು. ಅವನು ಅದನ್ನು ಯಾರ ಪರವಾಗಿಯೂ ಮಾತಾಡಿಸಲಿಲ್ಲ. 1728ರಲ್ಲಿ ಅವರನ್ನು ರಾಜಾಶ್ರಯದ ಚಿತ್ರಕಲಾ ಅಕಾಡೆಮಿಗೆ ಸೇರಿಸಿಕೊಂಡಾಗ ಕೊಟ್ಟ ಚಿತ್ರಗಳಲ್ಲಿ ಒಂದು ತೊರಕೆ ಮೀನಿನದು. ಹೊಟ್ಟೆ ಸೀಳಿ ಕೊಕ್ಕೆಗೆ ನೇತು ಹಾಕಿದ ಮೀನು. ಅದರ ಅಡಿಭಾಗ ನೋವು ತಿಂದ ಮನುಷ್ಯನ ಮುಖದಂತೆ ಕಾಣುತ್ತದೆ. ವಸ್ತು ಅಸಹ್ಯ ಹುಟ್ಟಿಸುವಂಥದ್ದು, ಆದರೆ ಇದು ಮೀನಿನ ಮಾಂಸವೇ, ಅದರ ಚರ್ಮವೇ, ಅದರ ರಕ್ತವೇ ಅಂತ ಆಗಿನ ಫ್ರೆಂಚ್ ಲೇಖಕ, ಕಲಾ ವಿಮರ್ಶಕ ದಿದೆರೋ ಬೆರಗಾಗಿ ಬರೆದ.

ಕೊನೆಗೆ ಗೋಯಾ. ಸ್ಪೇನಿನವರು. ಇಲ್ಲಿವರೆಗೆ ಬಂದ ಕಲಾವಿದರಿಗಿಂತ ಬೇರೆ, ಯಾಕೆಂದರೆ ಗೋಯಾ ಸ್ವತಃ ಶಿಕಾರಿ ಹುಚ್ಚಿನವರು. ಗೆಳೆಯ ಸಪಾತೆರ್‌ಗೆ ಬರೆದ ಪತ್ರಗಳಲ್ಲಿ ಕೋವಿ, ನಾಯಿ, ಹೊಡೆದ ಕೌಜುಗಗಳ ಮಾತು ಬರುತ್ತದೆ. 1775ರಲ್ಲಿ ರಾಜಮನೆತನದ ಕೆಲಸ ಸಿಕ್ಕಾಗ ಮೊದಲು ಬರೆದದ್ದೇ ಬೇಟೆಯ ದೃಶ್ಯಗಳನ್ನು. ಮೂರನೇ ಚಾರ್ಲ್ಸ್ ದೊರೆಯನ್ನು ಬೇಟೆಯ ಉಡುಪಿನಲ್ಲೇ ಬರೆದರು.

1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನನ್ನು ಆಕ್ರಮಿಸಿತು. ಆಮೇಲಿನ ವರ್ಷಗಳು ಕೊಲೆ, ಬರ, ಹಸಿವು. ಆ ಹೊತ್ತಿನಲ್ಲಿ ಗೋಯಾ ಯಾರೂ ಕೇಳದೆ ಒಂದಿಷ್ಟು ಸ್ಟಿಲ್ ಲೈಫ್ ಬರೆದರು. 1812ರಲ್ಲಿ ಹೆಂಡತಿ ಹೊಸೆಫಾ ತೀರಿಕೊಂಡ ಮೇಲೆ ಮಾಡಿದ ಮನೆಯ ಆಸ್ತಿಪಟ್ಟಿಯಲ್ಲಿ 12 ಸ್ಟಿಲ್ ಲೈಫ್‌ಗಳ ಲೆಕ್ಕ ಸಿಗುತ್ತದೆ. ಒಂದರ ಮೇಲೊಂದು ಬಿದ್ದ ಮೊಲಗಳು, ರಾಶಿ ಹಾಕಿದ ಮೀನು, ಕಾಲು ಸೆಟೆದುಕೊಂಡ ಟರ್ಕಿ ಕೋಳಿ. ಕೋವಿ ಇಲ್ಲ, ಚೀಲ ಇಲ್ಲ, ನಾಯಿ ಇಲ್ಲ. ಶಿಕಾರಿ ಬಲ್ಲ ಮನುಷ್ಯ ಶಿಕಾರಿಯ ಗುರುತುಗಳನ್ನೆಲ್ಲ ಬೇಕಂತಲೇ ತೆಗೆದುಹಾಕಿದ್ದಾರೆ. ಅದೇ ಕಾಲದಲ್ಲಿ ಅವರು ಯುದ್ಧದ ಹೆಣಗಳ ರಾಶಿಯನ್ನು ತಾಮ್ರದ ತಗಡಿನ ಮೇಲೆ ಕೊರೆಯುತ್ತಿದ್ದರು. ಅವನ್ನು ಬದುಕಿರುವಾಗ ಪ್ರಕಟಿಸಲಿಲ್ಲ, ಹೊರಬಂದದ್ದು 1863ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೈಗಳು ಬಿದ್ದಿರುವ ರೀತಿ ಒಂದೇ.

ಲೂವ್ರ್‌ನಲ್ಲಿರುವ ಅವರ ಕುರಿ ತಲೆಯ ಚಿತ್ರ ಬೇಟೆಯದಲ್ಲ, ಕಟುಕರ ಅಂಗಡಿಯದು. ಆದರೂ ಅದನ್ನು ಬಿಡೋಕೆ ಆಗೋದಿಲ್ಲ. ಎರಡು ಪಕ್ಕೆಲುಬಿನ ತುಂಡು, ಒಂದು ತಲೆ. ಆ ತಲೆಯ ಹತ್ತಿರ ಚಿಕ್ಕ ಅಕ್ಷರದಲ್ಲಿ, ರಕ್ತದ ಬಣ್ಣದಲ್ಲಿ, ತಮ್ಮ ಹೆಸರು ಬರೆದಿದ್ದಾರೆ. ಬಾರ್ಬರಿ ಚೀಟಿಯ ಮೇಲೆ ಸಹಿ ಮಾಡಿದ್ದು ನೆನಪಿದೆಯಲ್ವಾ? ಗೋಯಾ ಸಹಿ ಮಾಡಿದ ಜಾಗ ನೋಡಿ. ಈ ಸಾವು ಯಾರದು ಅಂದರೆ ಒಬ್ಬರು ನನ್ನದು ಅಂತ ಹೆಸರು ಹಾಕಿದ್ದಾರೆ.

ನನ್ನ ಮಾತು ಇಷ್ಟು. ಈಗ ಪ್ರಶ್ನೆಗಳು.

ಇಂಥ ಚಿತ್ರಗಳನ್ನು ಊಟದ ಕೋಣೆಯಲ್ಲಿ ಹಾಕುತ್ತಿದ್ದರಾ, ನೋಡಿಕೊಂಡು ಹೇಗೆ ಉಣ್ಣುತ್ತಿದ್ದರು ಅಂತ ಒಬ್ಬ ಅಮ್ಮ ಕೇಳಿದರು. ಹಾಕುತ್ತಿದ್ದರು. ಬೇಟೆಯ ಮಾಂಸವನ್ನು ಕೆಲವು ದಿನ ನೇತು ಹಾಕಿ ಮೆತ್ತಗಾದ ಮೇಲೆ ಅಡಿಗೆ ಮಾಡೋದು ಅಲ್ಲಿನ ಪದ್ಧತಿ. ಹಾಗಾಗಿ ಉಗ್ರಾಣದಲ್ಲಿ ಮೊಲ ನೇತಾಡೋದು ಅವರಿಗೆ ದಿನದ ನೋಟ. ನಮಗೆ ಕಾಣುವ ಸಾವಿಗಿಂತ ಅವರಿಗೆ ಮುಂದಿನ ವಾರದ ಊಟ ಮೊದಲು ಕಾಣುತ್ತಿತ್ತು.

ನಮ್ಮಲ್ಲಿ ಯಾಕೆ ಇಂಥ ಚಿತ್ರಗಳಿಲ್ಲ ಅಂತ ಇನ್ನೊಬ್ಬರು ಕೇಳಿದರು. ನಮ್ಮಲ್ಲಿ ಬೇಟೆ ಇದೆ, ಆದರೆ ಓಟದಲ್ಲಿದೆ. ಮೊಘಲ್, ರಾಜಸ್ಥಾನಿ ಚಿತ್ರಗಳಲ್ಲಿ ಕುದುರೆ ಓಡುತ್ತದೆ, ಹುಲಿ ಎಗರುತ್ತದೆ. ಸತ್ತ ಮೇಲೆ ಪ್ರಾಣಿಯನ್ನು ಒಂಟಿಯಾಗಿ ಗೋಡೆಗೆ ಹಾಕಿ ಅದನ್ನೇ ಚಿತ್ರದ ವಿಷಯ ಮಾಡುವ ರೂಢಿ ಬೆಳೆಯಲಿಲ್ಲ. ಸತ್ತ ಪ್ರಾಣಿಯ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇದೆ, 10ನೇ ಶತಮಾನದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು. ಮಣಲೇರ ಎಂಬ ವೀರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಕಾದಾಡುತ್ತಲೇ ಇವೆ. ಆ ಕಲ್ಲಿಗೆ ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟಿದ್ದಾರೆ. ಅಲ್ಲಿ ನಾಯಿಯ ಹೆಸರು ಶಾಸನದಲ್ಲೇ ಇದೆ.

ಈ ಚಿತ್ರಗಳನ್ನು ಇಲ್ಲಿಂದಲೇ ನೋಡಬಹುದಾ ಅಂತ ಒಬ್ಬ ಹುಡುಗ ಕೇಳಿದ. ನೋಡಬಹುದು. ರೈಕ್ಸ್ ಮ್ಯೂಸಿಯಂ ತನ್ನ ಹಳೆಯ ಚಿತ್ರಗಳ ದೊಡ್ಡ ಪ್ರತಿಗಳನ್ನು ವೆಬ್‌ಸೈಟಿನಲ್ಲಿ ಪುಕ್ಕಟೆ ಕೊಡುತ್ತದೆ. ಲೂವ್ರ್ ಸಂಗ್ರಹವೂ ಆನ್‌ಲೈನ್ ಇದೆ. ರೆಂಬ್ರಾಂಟರ ನವಿಲುಗಳನ್ನು ತೆರೆದು ಮೊದಲು ಪೂರ್ತಿ ಚಿತ್ರ ನೋಡಿ, ಆಮೇಲೆ ದೊಡ್ಡದು ಮಾಡಿ ಹುಡುಗಿಯ ಮುಖಕ್ಕೆ ಹೋಗಿ, ಅಲ್ಲಿಂದ ಅವಳು ನೋಡುತ್ತಿರುವ ಕಡೆಗೆ ಬನ್ನಿ. ಮೆಟ್ಸು ಚಿತ್ರದಲ್ಲಿ ಹೆಂಗಸಿನ ಕೈ ಮತ್ತು ಬೀರುವಿನ ಮೇಲಿನ ಬೊಂಬೆಯನ್ನು ಮರೆಯದೆ ನೋಡಿ. ಫೋನಿನಲ್ಲಿ ಬೇಡ, ಸ್ವಲ್ಪ ದೊಡ್ಡ ಪರದೆ ಇದ್ದರೆ ಒಳ್ಳೆಯದು.